ತಾಮ್ರದ ಮುಖ ಕೆಳಗೆ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. 1988ರ ಜನವರಿ ಹನ್ನೊಂದು, ಸೋಮವಾರ. ಅಂಗೈಯಗಲದ, ತಾಮ್ರ ಲೇಪಿಸಿದ ಫೈಬರ್ ತಗಡೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ವನಮಾಲಾ ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹದಿನಾಲ್ಕನೇ ಗಾಲಾ ಎಂಬ ಪುಟ್ಟ ಕಾರ್ಖಾನೆಯೊಳಗೆ ಕಾಲಿಟ್ಟಳು.

ಬಂದದ್ದು ಜಗಳಕ್ಕೆ.

"ಮಾಲಿಕ್ ಕೌನ್ ಹೈ?"

ಕಂದು ದ್ರಾವಣದ ತೊಟ್ಟಿಯ ಮೇಲೆ ಬಗ್ಗಿದ್ದ ಗಂಡಸು ತಲೆಯೆತ್ತಿದ. ಮೊಣಕೈವರೆಗೆ ರಬ್ಬರ್ ಗ್ಲೌಸ್. ವಯಸ್ಸು ಮೂವತ್ತೆರಡರ ಆಸುಪಾಸು. ಹಣೆಯ ಮೇಲೂ ಒಂದು ಕಂದು ಕಲೆ.

"ಬೋಲಿಯೇ ಮ್ಯಾಡಮ್."

"ಯೇ ಆಪ್‌ನೇ ಬನಾಯಾ? ಪೂರಾ ಬೇಕಾರ್ ಹೈ!"

ಅವನು ಅವಸರ ಮಾಡಲಿಲ್ಲ. ಗ್ಲೌಸ್ ಕಳಚಿದ, ಕೈ ಒರೆಸಿಕೊಂಡ, ವರ್ನಿಯರ್ ಮಾಪಕ ತೆಗೆದು ತಗಡಿನ ಮೇಲಿನ ತಾಮ್ರದ ಚೌಕವನ್ನು ಅಳೆದ. ಇನ್ನೊಮ್ಮೆ ಅಳೆದ.

"ಪಾಯಿಂಟ್ ದೋ ಎಮ್ಮೆಮ್ ಕಮ್ ಹೈ."

ಅಷ್ಟೇ! ಒಂದು 'ಸಾರಿ' ಇಲ್ಲ, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ವನಮಾಲಾ ಹಲ್ಲು ಕಚ್ಚಿ ಕನ್ನಡದಲ್ಲೇ ಗೊಣಗಿದಳು.

"ಮಾಡೋದೆಲ್ಲ ಮಾಡಿ ಎಷ್ಟು ತಣ್ಣಗೆ ನಿಂತಿದೆ ನೋಡು, ಕತ್ತೆ!"

"ಕತ್ತಿ ಹೆಸರು ಗದಿಗೆಪ್ಪ ರೀ," ಎಂದ ಅವನು. "ಗದಿಗೆಪ್ಪ ಹೊಸಮನಿ. ಧಾರವಾಡ ಕಡಿಯಾಂವ. ಕೂಡ್ರಿ, ಚಾ ತರಸ್ತೇನಿ."

ಒಳಗಿನಿಂದ ಯಾರೋ ಗೊಳ್ಳನೆ ನಕ್ಕರು. ಗಾಲಾದ ಹಿರಿಯ ಕೆಲಸಗಾರ ಮೋನಪ್ಪ. ಊರು ಕಾರ್ಕಳ, ಮುಂಬೈಗೆ ಬಂದು ಇಪ್ಪತ್ತೆರಡು ವರ್ಷ.

"ಅಂತೂ ನಮ್ಮ ಸೇಠರಿಗೆ ಸರಿಯಾದ ಹೆಸರು ಇಡುವವರು ಒಬ್ಬರು ಬಂದರು ಮಾರಾಯ್ರೆ!"

ವನಮಾಲಾಳ ಕಿವಿಯವರೆಗೂ ಕೆಂಪೇರಿತು. ಅಯ್ಯೋ... ಎಲ್ಲಿ ಅಡಗಿಕೊಳ್ಳಲಿ?

ಗದಿಗೆಪ್ಪ ಮಾತ್ರ ತಗಡನ್ನು ಬೆಳಕಿಗೆ ಹಿಡಿದು ಕೆಲಸದ ಮಾತಿಗೆ ಬಂದಿದ್ದ.

"ನೋಡ್ರಿ. ಈ ಆಸಿಡ್ಡು ತಾಮ್ರಾನ ಬರೇ ಕೆಳಗ ತಿನ್ನಾಂಗಿಲ್ಲ, ಬಾಜೂಕೂ ತಿಂತದ. ರೇಡಿಯೋ ಸರ್ಕಿಟ್ಟಿಗೆ ಇಷ್ಟು ಫರಕ್ ನಡೀತದ. ನಿಮಗ ನಡಿಯೂದಿಲ್ಲಂತ ಯಾರೂ ಹೇಳಿಲ್ಲ. ಇದರಿಂದ ಏನ್ ಮಾಡ್ತೀರಿ?"

"ಆಂಟೆನಾ. ಮೈಕ್ರೋಸ್ಟ್ರಿಪ್ ಆಂಟೆನಾ."

"ಈ ತಗಡು? ಆಂಟೆನಾ?"

ಅವನು ನಗುತ್ತಾನೆಂದು ಅವಳು ಕಾದಳು. ಅವನು ಸ್ಟೂಲು ಎಳೆದುಕೊಂಡು ಎದುರು ಕೂತ.

ಅವಳು ಹೇಳಿದಳು. ಮೀನುಗಾರರ ದೋಣಿಯ ಮೇಲೆ ಇಡುವ ಆಂಟೆನಾ. ಚಪ್ಪಟೆಯಾಗಿರಬೇಕು, ಗಾಳಿಗೆ ಮುರಿಯಬಾರದು. ದೋಣಿ ಹೇಗೆ ಹೊಯ್ದಾಡಿದರೂ ಉಪಗ್ರಹದ ಸಂಕೇತ ತಪ್ಪಬಾರದು. ಅದಕ್ಕೇ ಅಲೆ ನೇರವಾಗಿ ಬರದೆ ಸ್ಕ್ರೂನಂತೆ ಸುತ್ತುತ್ತ ಬರುತ್ತದೆ. ತಾಮ್ರದ ಚೌಕದ ಎದುರುಬದುರು ಎರಡು ಮೂಲೆ ಕತ್ತರಿಸಿದರೆ ಆಂಟೆನಾ ಆ ಸುತ್ತನ್ನು ಹಿಡಿಯುತ್ತದೆ. ಯಾವ ಎರಡು ಮೂಲೆ ಎಂಬುದರ ಮೇಲೆ ಅದು ಬಲಸುತ್ತೋ ಎಡಸುತ್ತೋ ಎಂದು ತೀರ್ಮಾನವಾಗುತ್ತದೆ.

"ತೊಂದರೆ ಏನಂದ್ರೆ, ಅದು ಸರಿಯಾಗಿ ಸುತ್ತೋದು ನೂರಕ್ಕೆ ಒಂದು ಪಾಲು ಫ್ರೀಕ್ವೆನ್ಸಿ ಬ್ಯಾಂಡಲ್ಲಿ ಮಾತ್ರ. ಆಚೀಚೆ ಹೋದ್ರೆ ಕೆಟ್ಟಿತು. ನೀವು ಪಾಯಿಂಟ್ ಎರಡು ಮಿಲಿಮೀಟರ್ ತಿಂದ್ರಲ್ಲ, ಅಷ್ಟಕ್ಕೇ ನನ್ನ ಬ್ಯಾಂಡಿನ ಮೂರನೇ ಒಂದು ಭಾಗ ಜಾರಿಹೋಯ್ತು."

"ಅಂದ್ರ ಒಂಬತ್ತು ಹತ್ತರ ಫಾಸ್ಟ್ ಲೋಕಲ್ ಟ್ರೇನ್ ಇದ್ದಂಗ. ಒಂದು ನಿಮಿಷ ತಪ್ಪಿದ್ರ ಹೋತು."

"ಹೌದು!" ಅವಳಿಗೆ ಅಚ್ಚರಿ. "ನನಗೆ ಆ ಒಂದು ನಿಮಿಷ ಎಂಟು ನಿಮಿಷ ಆಗಬೇಕು. ಕೇಳೋದಕ್ಕೆ ಒಂದು ಚಾನೆಲ್, ದೋಣಿಯವರು ಉತ್ತರ ಕೊಡೋದಕ್ಕೆ ಇನ್ನೊಂದು. ಎರಡೂ ಒಂದೇ ಆಂಟೆನಾದಲ್ಲಿ."

ಚಹಾ ಬಂತು. ಆರಿತು. ಇಬ್ಬರೂ ಅದನ್ನು ಮುಟ್ಟಿರಲಿಲ್ಲ.

---

ವನಮಾಲಾಗೆ ಇಪ್ಪತ್ತೆಂಟು. ಮನೆ ವಿಲೆ ಪಾರ್ಲೆ ಪೂರ್ವದಲ್ಲಿ. ತಂದೆ ಕೇಶವಮೂರ್ತಿ ರೈಲ್ವೆ ಕಚೇರಿಯ ಹೆಡ್ ಕ್ಲರ್ಕ್, ಮೈಸೂರು ಬಿಟ್ಟು ಮೂವತ್ತು ವರ್ಷ. ಅವಳ ಕೆಲಸ ಬಾಂದ್ರಾದ ಒಂದು ಸಂಶೋಧನಾ ಕೇಂದ್ರದಲ್ಲಿ. ವಿಭಾಗದ ಮುಖ್ಯಸ್ಥ ಸತ್ಯಮೂರ್ತಿ ಈ ಪ್ರಾಜೆಕ್ಟಿನ ಮೊದಲ ದಿನವೇ ಗಡುವು ಹೇಳಿದ್ದರು.

"ಮೇ ಇಪ್ಪತ್ತೇಳಕ್ಕೆ ಕಮಿಟಿ. ಜೂನಲ್ಲಿ ಮಳೆ ಬಿದ್ರೆ ಟೆರೇಸ್ ಮೇಲೆ ಅಳೆಯೋ ಹಾಗಿಲ್ಲ, ದೋಣಿಗಳು ದಡ ಹತ್ತುತ್ತವೆ. ಅಷ್ಟರೊಳಗೆ ಎಂಟು ಪರ್ಸೆಂಟ್ ಬರಲಿಲ್ಲವೋ, ಫಾರಿನ್ ಮಾಲು ತರಿಸ್ತಾರೆ. ನಿನ್ನ ಪ್ರಾಜೆಕ್ಟ್ ಕ್ಲೋಸ್."

ನಾಲ್ಕೂವರೆ ತಿಂಗಳು. ಅವಳಿಗೆ ನಿದ್ದೆಯಲ್ಲೂ ಅಂಕಿಗಳೇ.

ಬುಧವಾರ ಬುಧವಾರ ಜೋಗೇಶ್ವರಿಗೆ ಹೋಗುವುದು ರೂಢಿಯಾಯಿತು. ಅವಳು ಡ್ರಾಯಿಂಗ್ ತರುತ್ತಿದ್ದಳು, ಆಸಿಡ್ ಎಷ್ಟು ತಿನ್ನುತ್ತದೆಂದು ಲೆಕ್ಕ ಹಾಕಿ ಅವನು ಅಂಚು ಅಷ್ಟು ದೊಡ್ಡದು ಮಾಡಿಸುತ್ತಿದ್ದ. ಫೆಬ್ರವರಿ ಮುಗಿಯುವಷ್ಟರಲ್ಲಿ ಅವನ ತಗಡಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆದರೆ ಬ್ಯಾಂಡ್ ಒಂದೇ ಪರ್ಸೆಂಟಿನಲ್ಲಿ ಕೂತಿತ್ತು.

"ಒಂದರ ಮೇಲೆ ಇನ್ನೊಂದು ತಗಡು ಇಡಬೇಕು," ಎಂದಳು ಮಾರ್ಚಿನ ಒಂದು ಬುಧವಾರ. "ಕೆಳಗಿನದಕ್ಕೆ ಮಾತ್ರ ತಂತಿ. ಮೇಲಿನದು ಸುಮ್ಮನೆ ತೇಲ್ತಿರಬೇಕು. ಎರಡೂ ಸ್ವಲ್ಪ ಬೇರೆ ಬೇರೆ ಫ್ರೀಕ್ವೆನ್ಸಿಗೆ ಓಗೊಟ್ರೆ, ಸೇರಿ ಬ್ಯಾಂಡ್ ಅಗಲ ಆಗುತ್ತೆ. ಆದ್ರೆ ನಡುವೆ ಏನು ಇಡೋದು? ಗಾಳಿಯಷ್ಟೇ ಹಗುರ ಇರಬೇಕು, ತಗಡು ಬೀಳಲೂ ಬಾರದು."

"ಥರ್ಮಾಕೋಲ್ ನಡಿಯಾಂಗಿಲ್ಲೇನ್ರಿ?"

ಅವಳು ಬಾಯಿ ತೆರೆದು ನಿಂತಳು.

ಥರ್ಮಾಕೋಲಿನಲ್ಲಿ ಗಣಪತಿಯ ಮಖರ, ಅಂದರೆ ಮಂಟಪ, ಕೊರೆಯುವವನೊಬ್ಬ ಪಕ್ಕದ ಗಲ್ಲಿಯಲ್ಲೇ ಇದ್ದ. ಹಬ್ಬಕ್ಕೆ ಇನ್ನೂ ಆರು ತಿಂಗಳು, ಅವನ ಹತ್ತಿರ ಹಾಳೆಗಳು ಅಟ್ಟದ ತುಂಬ. ಮೋನಪ್ಪ ಹೋಗಿ ಮೂರು ದಪ್ಪದ ಹಾಳೆಗಳನ್ನು ಹೊತ್ತು ತಂದ.

"ದೇವರಿಗೆ ಮಂಟಪ ಮಾಡುವುದರಲ್ಲಿ ನೀವು ಆಕಾಶಕ್ಕೆ ಫೋನ್ ಮಾಡ್ತೀರಾ? ಆಗಲಿ, ಆಗಲಿ..."

---

ಏಪ್ರಿಲ್ ಹದಿಮೂರು. ಬಾಂದ್ರಾದ ಟೆರೇಸ್. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಟೆರೇಸಿನ ಒಂದು ತುದಿಯಲ್ಲಿ ಮೋಟಾರಿಗೆ ಕಟ್ಟಿದ ಇನ್ನೊಂದು ಆಂಟೆನಾ ಗಿರಗಿರನೆ ಸುತ್ತುತ್ತಿತ್ತು. ಈ ತುದಿಯಲ್ಲಿ ಅವರದು. ಚಾರ್ಟ್ ರೆಕಾರ್ಡರಿನ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಆಂಟೆನಾ ಸರಿಯಾದ ವೃತ್ತ ಸುತ್ತದಿದ್ದರೆ ಪೆನ್ನು ಮೇಲೆ ಕೆಳಗೆ ನಡುಗುತ್ತದೆ. ಆ ನಡುಕ ಮೂರು ಡೆಸಿಬೆಲ್ ಒಳಗಿರಬೇಕು.

ಹತ್ತಿರ ಮನುಷ್ಯರು ನಿಂತರೆ ಅಲೆ ಅವರ ಮೈಗೆ ಬಡಿದು ಲೆಕ್ಕ ಕೆಡುತ್ತದೆ. ಹಾಗಾಗಿ ಅಳತೆ ಮುಗಿಯುವವರೆಗೆ ರೆಕಾರ್ಡರಿನ ಜೊತೆ ಇಬ್ಬರೂ ನೀರಿನ ಟಾಂಕಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ಒಂದು ಅಳತೆಗೆ ಎಂಟು ನಿಮಿಷ. ಟಾಂಕಿಯ ನೆರಳು ಒಬ್ಬರಿಗೆ ಸಾಕಾಗುವಷ್ಟೇ.

"ಸರಿದು ಕೂಡ್ರಿ, ಬಿಸಲಾಗ ಅದೀರಿ."

"ಸರಿದ್ರೆ ನೀವು ಬಿಸಿಲಿಗೆ ಹೋಗ್ತೀರ."

"ನಾ ಧಾರವಾಡದಾಂವ ರೀ..."

"ಧಾರವಾಡದಲ್ಲಿ ಮಳೆ ಜಾಸ್ತಿ ಅಂತ ನೀವೇ ಹೇಳಿದ್ರಿ."

ಅವನು ನಕ್ಕ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

ಅಂದು ಮೇಲಿನ ತಗಡು ಇನ್ನೂ ತಗಡಾಗಿರಲಿಲ್ಲ. ಥರ್ಮಾಕೋಲಿನ ಮೇಲ್ಗಡೆ ಅಂಟಿಸಿದ ತಾಮ್ರದ ಹಾಳೆ, ಕತ್ತರಿಯಲ್ಲಿ ಕತ್ತರಿಸಿದ್ದು. ಎರಡು ಹಾಳೆ ಥರ್ಮಾಕೋಲ್ ಇಟ್ಟಾಗ ಪೆನ್ನು ಹುಚ್ಚು ಹಿಡಿದಂತೆ ಒದ್ದಾಡಿತು. ಒಂದು ಹಾಳೆ ತೆಗೆದರು. ಒದ್ದಾಟ ಕಡಿಮೆಯಾಯಿತು. ತೆಳು ಹಾಳೆಯೊಂದನ್ನು ಸೇರಿಸಿದರು.

ಪೆನ್ನು ತಣ್ಣಗಾಯಿತು!

"ಆರು ಪರ್ಸೆಂಟ್..." ಅವಳ ದನಿ ಒಡೆಯಿತು. "ಗದಿಗೆಪ್ಪಾ, ಆರು ಪರ್ಸೆಂಟ್!"

ಹೆಸರು ಹಿಡಿದು ಕರೆದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಅವನು ಚಾರ್ಟ್ ನೋಡುವುದನ್ನು ಬಿಟ್ಟು ಅವಳನ್ನು ನೋಡುತ್ತಿದ್ದ.

ಆ ಸಂಜೆ ವಿಲೆ ಪಾರ್ಲೆಯ ಮನೆಯಲ್ಲಿ ತಾಯಿ ವಿಮಲಾ ತಟ್ಟೆಗೆ ಅನ್ನ ಹಾಕುತ್ತ ಕೇಳಿದರು.

"ಏನೇ ಇದು, ಒಂದು ಭುಜ ಸುಟ್ಟಿದೆ, ಇನ್ನೊಂದು ಭುಜ ಸರಿಯಾಗಿದೆ?"

"ಟೆರೇಸ್ ಮೇಲೆ ಕೆಲಸ ಅಮ್ಮ."

"ಸೂರ್ಯ ಒಂದೇ ಕಡೆ ಇದ್ನೇನೇ?"

ವನಮಾಲಾ ತಲೆ ತಗ್ಗಿಸಿ ಸಾರು ಸುರಿದುಕೊಂಡಳು.

---

ಮೇ ನಾಲ್ಕು, ಬುಧವಾರ. ಕೊನೆಯ ಡ್ರಾಯಿಂಗ್. ಕತ್ತರಿಯ ಹಾಳೆಯ ಬದಲು ನಿಖರವಾದ ತಗಡು ಕೂತರೆ ಉಳಿದ ಎರಡು ಪರ್ಸೆಂಟೂ ಸಿಗುತ್ತದೆ ಎಂಬುದು ಅವಳ ಲೆಕ್ಕ.

ಸಮುದ್ರದ ಉಪ್ಪುನೀರಿಗೆ ಮೇಲಿನ ತಾಮ್ರ ಕರಗಬಾರದು. ಆದ್ದರಿಂದ ಅಂತಿಮ ಆಂಟೆನಾದಲ್ಲಿ ಮೇಲಿನ ತಗಡನ್ನು ಮಗುಚಿ ಕೂರಿಸಬೇಕು. ತಾಮ್ರದ ಮುಖ ಕೆಳಗೆ, ಫೈಬರಿನ ಬೆನ್ನು ಮೇಲೆ. ಅದೇ ಮುಚ್ಚಳವೂ ಆಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ನೈಲಾನ್ ಸ್ಕ್ರೂ.

ಅವಳು ಗಾಲಾಕ್ಕೆ ಬಂದಾಗ ಗದಿಗೆಪ್ಪನ ಮುಂದೆ ಒಂದು ಇನ್‌ಲ್ಯಾಂಡ್ ಪತ್ರ ಇತ್ತು.

"ಅವ್ವ ಬರದಾಳ್ರಿ. ಒಂದು ಹುಡುಗಿ ನೋಡ್ಯಾರಂತ. ಈ ತಿಂಗಳ ಕಡೀಕ ಬಾ ಅಂತಾಳ."

ಹೇಳಿ ಅವನು ಅವಳ ಮುಖ ನೋಡಿದ. ತೊಟ್ಟಿಯ ಪಂಪು ಗುಳುಗುಳು ಎನ್ನುತ್ತಿತ್ತು.

ವನಮಾಲಾ ತನಗೇ ಹೇಳಿಕೊಂಡಳು. ಏನಾದರೂ ಹೇಳು... ಹೋಗಬೇಡಿ ಅನ್ನು... ಆದರೆ ಯಾವ ಹಕ್ಕಿನಿಂದ? ನೀನು ಅವನಿಗೆ ಯಾರು? ಬುಧವಾರದ ಗಿರಾಕಿ!

"ಹೋಗಿ ಬನ್ನಿ. ಒಳ್ಳೇದೇ ಅಲ್ವಾ?"

"ಒಳ್ಳೇದೇನ್ರಿ?"

"ಮದುವೆ ಅಂದ್ರೆ ಒಳ್ಳೇದೇ."

ಅವಳು ಚೀಲದಿಂದ ಡ್ರಾಯಿಂಗ್ ತೆಗೆದು ಮೇಜಿನ ಮೇಲೆ ಹರಡಿದಳು. ಅಂಚುಗಳನ್ನು ಒತ್ತಿ ಹಿಡಿದಳು. ಅವನು ಬಹಳ ಹೊತ್ತು ನೋಡಿದ.

"ಮ್ಯಾಡಮ್, ಈ ಮ್ಯಾಲಿನ ತಗಡು ಡಬ್ಬ ಕೂಡ್ತದಲ್ರಿ, ತಾಮ್ರ ಕೆಳಗ? ಈ ಚಿತ್ರ ಯಾವ ಕಡಿಂದ ನೋಡಿ ತಗದೀರಿ?"

ಅವಳಿಗೆ ಪ್ರಶ್ನೆ ಕೇಳಿಸಿತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಧಾರವಾಡದ ಯಾವುದೋ ಪಡಸಾಲೆಯಲ್ಲಿ ಕಾಫಿ ಲೋಟ ಹಿಡಿದು ನಿಂತ ಹುಡುಗಿ ಇದ್ದಳು.

"ಡ್ರಾಯಿಂಗಲ್ಲಿ ಹೇಗಿದೆಯೋ ಹಾಗೆ ಮಾಡಿ, ಮಿಸ್ಟರ್ ಹೊಸಮನಿ. ಯೋಚನೆ ಮಾಡೋ ಕೆಲಸ ನಮ್ಮದು."

ಮೋನಪ್ಪ ತೊಟ್ಟಿಯ ಕಡೆಯಿಂದ ತಲೆಯೆತ್ತಿ ನೋಡಿದ. ಗದಿಗೆಪ್ಪ ಡ್ರಾಯಿಂಗ್ ಸುತ್ತಿದ.

"ಆತ್ರಿ," ಎಂದ. "ಇದ್ದಂಗ ಮಾಡತೇನಿ."

---

ತಗಡು ಬಂದದ್ದು ಮೇ ಹದಿನಾರಕ್ಕೆ, ಮೋನಪ್ಪನ ಕೈಯಲ್ಲಿ. ಗದಿಗೆಪ್ಪ ಬರಲಿಲ್ಲ.

ಮರುದಿನ ಟೆರೇಸ್ ಮೇಲೆ ಅವಳು ಒಬ್ಬಳೇ ಟಾಂಕಿಯ ಹಿಂದೆ ಕೂತಳು. ನೆರಳು ಈಗ ಒಬ್ಬಳಿಗೆ ಸಾಕಾಗುತ್ತಿತ್ತು.

ಪೆನ್ನು ಕಾಗದ ಹರಿಯುವಂತೆ ಒದ್ದಾಡಿತು.

ಹನ್ನೊಂದು ಡೆಸಿಬೆಲ್! ಒಂದು ಪರ್ಸೆಂಟೂ ಇಲ್ಲ, ಅರ್ಧವೂ ಇಲ್ಲ. ಮೇಲಿನ ತಗಡಿಗೂ ಕೆಳಗಿನದಕ್ಕೂ ಹೊಂದಿಕೆಯೇ ಇಲ್ಲ. ಒಂದು ಬಲಕ್ಕೆ ಸುತ್ತಿದರೆ ಇನ್ನೊಂದು ಎಡಕ್ಕೆ ಸುತ್ತುತ್ತಿತ್ತು.

ಕಾರಣ ಒಂದೇ ಇರಲು ಸಾಧ್ಯ. ಆಸಿಡ್ಡಿನಲ್ಲಿ ತಾಮ್ರ ಕೊರೆಯುವವರು ಡ್ರಾಯಿಂಗಿನ ಫಿಲ್ಮನ್ನು ತಿರುವಿ ಹಾಕಿದರೆ ಎಡ ಬಲವಾಗುತ್ತದೆ. ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ತಪ್ಪು.

"ಮದುವೆ ಸಂಭ್ರಮ," ಎಂದುಕೊಂಡಳು. "ಮನಸ್ಸು ಅಲ್ಲಿದೆ, ಕೈ ಇಲ್ಲಿದೆ. ನನ್ನ ನಾಲ್ಕು ತಿಂಗಳು ಹಾಳು!"

ಕೋಪ ಒಂದು ರೀತಿಯಲ್ಲಿ ಹಿತವಾಗಿತ್ತು. ಅಳುವುದಕ್ಕಿಂತ ಸುಲಭ.

ಸತ್ಯಮೂರ್ತಿ ಕನ್ನಡಕ ಸರಿಮಾಡಿಕೊಂಡರು. "ರೈಟಿಂಗಲ್ಲಿ ಕೊಡು. ಕಮಿಟಿ ಮುಂದೆ ತಡವಾದ್ದಕ್ಕೆ ನಮಗೂ ಒಂದು ರೀಸನ್ ಬೇಕಲ್ಲ."

ಅವಳು ಟೈಪ್ ಮಾಡಿಕೊಟ್ಟಳು. ಆರು ಸಾಲು. 'ಫಿಲ್ಮ್ ತಿರುವಿದ್ದರಿಂದ ಕೆಲಸ ಕೆಟ್ಟಿದೆ.' ಮೇ ಇಪ್ಪತ್ತರಂದು ಕೇಂದ್ರದ ಒಪ್ಪಿತ ಪಟ್ಟಿಯಿಂದ ಹದಿನಾಲ್ಕನೇ ಗಾಲಾದ ಹೆಸರು ಹೋಯಿತು. ಆ ಪಟ್ಟಿ ನೋಡಿಯೇ ಇನ್ನೂ ಎರಡು ಕಚೇರಿಗಳು ಗದಿಗೆಪ್ಪನಿಗೆ ಕೆಲಸ ಕೊಡುತ್ತಿದ್ದವು, ಅವೂ ನಿಲ್ಲಿಸಿದವು.

ಅವನು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಜಗಳಕ್ಕಾದರೂ ಬರಬಹುದಿತ್ತು. ಬರಲಿಲ್ಲ.

ಅವಳು ಬಾಂದ್ರಾದ ಇನ್ನೊಂದು ಅಂಗಡಿಗೆ ಅದೇ ಡ್ರಾಯಿಂಗ್ ಕೊಟ್ಟು ಹೊಸ ತಗಡಿಗೆ ಹೇಳಿದಳು. ಬುಧವಾರ ಬಂತು, ತಗಡು ಇನ್ನೂ ಬಂದಿರಲಿಲ್ಲ, ಅವಳು ಮನೆಯಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಅಲೆದಳು.

"ಕೂತ್ಕೋಬಾರ್ದೇನೇ?" ಎಂದರು ವಿಮಲಾ. "ಎದ್ದು ಎದ್ದು ಏನು ನೋಡ್ತೀಯ? ರಜಾ ಹಾಕಿ ಮನೇಲಿರೋಳು ಹೀಗಾ ಇರೋದು?"

"ಸೆಕೆ ಅಮ್ಮ."

"ಸೆಕೆ ಎಲ್ಲರಿಗೂ ಇದೆ ಕಣೇ. ನಿನಗಿರೋದು ಬೇರೆ."

---

ಮೇ ಇಪ್ಪತ್ತಾರು, ಗುರುವಾರ. ಮಧ್ಯಾಹ್ನ ಹನ್ನೆರಡೂವರೆ. ಸಮಿತಿಗೆ ಇಪ್ಪತ್ತೆರಡೂವರೆ ಗಂಟೆ ಬಾಕಿ. ಹೊಸ ಅಂಗಡಿಯ ತಗಡನ್ನು ಸ್ಕ್ರೂ ಹಾಕಿ ಬಿಗಿದು, ಅವಳು ಟಾಂಕಿಯ ಹಿಂದೆ ಕೂತಳು.

ಹನ್ನೊಂದು ಡೆಸಿಬೆಲ್.

ಅದೇ ನಡುಕ. ಅದೇ ಜಾಗದಲ್ಲಿ.

ಒಂದೇ ತಪ್ಪನ್ನು ಇಬ್ಬರು, ಬೇರೆ ಬೇರೆ ಅಂಗಡಿಯಲ್ಲಿ ಮಾಡುತ್ತಾರೆಯೇ?

ಗದಿಗೆಪ್ಪನ ತಗಡನ್ನು ಹುಡುಕಿ ತಂದಳು. ತಾಮ್ರದ ಮುಖ ಮೇಲೆ ಮಾಡಿ, ಅದರ ಮೇಲೆ ತನ್ನ ಡ್ರಾಯಿಂಗಿನ ಫಿಲ್ಮ್ ಇಟ್ಟಳು. ಗೆರೆಗೆ ಗೆರೆ ಕೂತಿತು. ಕತ್ತರಿಸಿದ ಮೂಲೆಗೆ ಮೂಲೆ ಕೂತಿತು. ಕೂದಲೆಳೆಯ ವ್ಯತ್ಯಾಸವಿಲ್ಲ. ಅವನು ಏನನ್ನೂ ತಿರುವಿರಲಿಲ್ಲ.

ಆಮೇಲೆ ತಗಡನ್ನು ಮಗುಚಿದಳು, ಆಂಟೆನಾದಲ್ಲಿ ಅದು ಕೂರುವ ಹಾಗೆ.

ಎಡ ಮೂಲೆ ಬಲಕ್ಕೆ ಹೋಯಿತು.

"ಅಯ್ಯೋ ದೇವರೇ..."

ಥರ್ಮಾಕೋಲಿನ ಮೇಲ್ಗಡೆ ಅಂಟಿಸಿದ ದಿನದ ಅದೇ ಚಿತ್ರವನ್ನು ಅವಳು ಹಾಗೇ ಇಳಿಸಿದ್ದಳು. ಮಗುಚಿ ಕೂರುವ ತಗಡಿಗೆ ಚಿತ್ರವನ್ನೂ ಮಗುಚಿ ಕೊಡಬೇಕಿತ್ತು. ಯಾವ ಕಡೆಯಿಂದ ನೋಡಿ ತೆಗೆದದ್ದು ಎಂದು ಅವನು ಕೇಳಿದ್ದು ಅದನ್ನೇ! ನೇರವಾಗಿ, ಸರಳವಾಗಿ ಕೇಳಿದ್ದ. ಯೋಚನೆ ಮಾಡುವ ಕೆಲಸ ನಮ್ಮದು ಎಂದು ಅವಳು ಉತ್ತರಿಸಿದ್ದಳು.

ಅವಳು ನಾಲ್ಕು ಸ್ಕ್ರೂ ಬಿಚ್ಚಿದಳು. ತಗಡು ಚೌಕ. ಕಾಲು ಸುತ್ತು ತಿರುಗಿಸಿದರೆ ಕತ್ತರಿಸಿದ ಮೂಲೆಗಳು ಬೇಕಾದ ಜಾಗಕ್ಕೆ ಬರುತ್ತವೆ, ತೂತುಗಳೂ ಹೊಂದುತ್ತವೆ. ತಿರುಗಿಸಿದಳು, ಬಿಗಿದಳು. ಗದಿಗೆಪ್ಪನ ತಗಡು, ಹೊಸ ಅಂಗಡಿಯದಲ್ಲ.

ಎಂಟು ನಿಮಿಷ.

1530ರಿಂದ 1660 ಮೆಗಾಹರ್ಟ್ಸ್‌ವರೆಗೆ ಪೆನ್ನು ಮೂರು ಡೆಸಿಬೆಲ್ ದಾಟಲಿಲ್ಲ. ಎಂಟು ಪರ್ಸೆಂಟ್. ಕೇಳುವ ಚಾನೆಲ್ಲೂ ಒಳಗೆ, ಹೇಳುವ ಚಾನೆಲ್ಲೂ ಒಳಗೆ.

ನಾಲ್ಕೂವರೆ ತಿಂಗಳು ಕಾದಿದ್ದ ಗೆರೆ ಕಣ್ಣೆದುರಿಗಿತ್ತು. ಅವಳಿಗೆ ಕಂಡದ್ದು ಮಸುಕು ಮಸುಕು. ಕಣ್ಣು ತುಂಬಿತ್ತು.

ಸತ್ಯಮೂರ್ತಿ ಚಾರ್ಟ್ ನೋಡಿ ಮೇಜು ತಟ್ಟಿದರು. "ಬ್ಯೂಟಿಫುಲ್! ಏನ್ ಮಾಡ್ದೆ?"

"ತಗಡು ತಿರುಗಿಸಿದೆ ಸರ್. ತಪ್ಪು ನನ್ನ ಡ್ರಾಯಿಂಗಲ್ಲಿತ್ತು. ಕಂಪ್ಲೇಂಟ್ ವಾಪಸ್ ತಗೋಬೇಕು. ನಾಳೆ ಕಮಿಟಿ ಮುಂದೆ ಹೇಳ್ತೀನಿ."

ಅವರ ಮುಖ ಬದಲಾಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ವನಮಾಲಾ, ಕೂತ್ಕೋ. ಆಂಟೆನಾ ಸರಿ ಹೋಯ್ತಲ್ಲ? ಇದು ನನಗೂ ನಿನಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ತಪ್ಪು ಡ್ರಾಯಿಂಗ್ ಕೊಟ್ಟು ಬೇರೆಯವರ ಮೇಲೆ ಹಾಕಿದ್ಲು ಅಂದ್ರೆ ನಾಳೆ ಅವರು ಚಾರ್ಟ್ ನೋಡಲ್ಲ, ನಿನ್ನ ನೋಡ್ತಾರೆ. ಆರು ತಿಂಗಳಾದ್ಮೇಲೆ ನಾನೇ ಅವನ ಹೆಸರು ಸೇರಿಸ್ತೀನಿ. ಬಿಡು."

"ಆರು ತಿಂಗಳು ಅವನ ಗಾಲಾ ಇರತ್ತಾ ಸರ್?"

ಅವರು ಚಾರ್ಟನ್ನು ಸುತ್ತತೊಡಗಿದರು.

---

ಮೂರು ಐವತ್ತಕ್ಕೆ ಅವಳು ಜೋಗೇಶ್ವರಿ ಸ್ಟೇಷನ್ನಿನಲ್ಲಿ ಇಳಿದಳು. ಅವನು ಇರುತ್ತಾನೋ ಇಲ್ಲವೋ? ತಿಂಗಳ ಕೊನೆಗೆ ಬಾ ಎಂದು ತಾಯಿ ಬರೆದಿದ್ದರಲ್ಲ... ಹೋಗಿಬಿಟ್ಟಿದ್ದರೆ? ಓಡುನಡಿಗೆಯಲ್ಲಿ ಎಸ್ಟೇಟ್ ಸೇರಿದಳು.

ತೊಟ್ಟಿಗಳು ಖಾಲಿ. ಪಂಪು ನಿಂತಿತ್ತು. ಗದಿಗೆಪ್ಪ ನೆಲದ ಮೇಲೆ ಕೂತು ಪೈಪುಗಳನ್ನು ಬಿಚ್ಚುತ್ತಿದ್ದ.

"ಬರ್ರಿ ಮ್ಯಾಡಮ್," ಎಂದ, ತಲೆಯೆತ್ತದೆ. "ಇನ್ನೊಂದು ಕಂಪ್ಲೇಂಟೇನು?"

ಮೋನಪ್ಪ ಎದ್ದು ನಿಂತ. "ನಾನು ಚಾ ಕುಡಿದು ಬರ್ತೇನೆ. ನಿಧಾನಕ್ಕೆ ಬರ್ತೇನೆ," ಎಂದು ಹೊರಟೇಹೋದ.

ವನಮಾಲಾ ಅಲ್ಲೇ, ಅವನ ಎದುರು, ಕಲೆ ಬಿದ್ದ ನೆಲದ ಮೇಲೆ ಕೂತಳು.

"ತಪ್ಪು ನನ್ನದು. ಚಿತ್ರ ಮಗುಚಿ ಕೊಡಬೇಕಿತ್ತು, ಕೊಡಲಿಲ್ಲ. ನಿಮ್ಮ ತಗಡು ನನ್ನ ಡ್ರಾಯಿಂಗಿಗೆ ಗೆರೆ ತಪ್ಪದ ಹಾಗೆ ಇದೆ. ಕಾಲು ಸುತ್ತು ತಿರುಗಿಸಿದೆ. ಎಂಟು ಪರ್ಸೆಂಟ್ ಬಂತು."

ಅವನ ಕೈ ನಿಂತಿತು. ಒಂದು ಕ್ಷಣ ಕಣ್ಣಲ್ಲಿ ಹಳೆಯ ಬೆಳಕು ಹಾಯಿತು. "ಎಂಟು ಬಂತ್ರೀ?" ಮರುಕ್ಷಣ ಆರಿತು. "ಛಲೋ ಆತು."

"ಬೈಯಿರಿ ನನ್ನ."

"ಬೈದ್ರ ಏನ್ ಬರ್ತದ್ರಿ?" ಅವನು ಸ್ಪ್ಯಾನರ್ ಕೆಳಗಿಟ್ಟ. ದನಿ ಮೊದಲ ಸಲ ಏರಿತು. "ನಾಲ್ಕು ತಿಂಗಳು ನಿಮ್ಮ ಬಾಜೂಕ ಕುಂತೇನಿ. ಹೆಸರು ಕಳದದ್ದಕ್ಕ ಸಿಟ್ಟಿಲ್ಲ ನಂಗ. ಒಂದ ಮಾತು ಕೇಳಬೇಕಿತ್ತು ನೀವು! ಗದಿಗೆಪ್ಪ, ಫಿಲ್ಮ್ ತಿರುವಿದೇನು, ಅಂತ. ಫೋನಿಗೆ ಕೈ ಹೋಗಲಿಲ್ಲ, ಟೈಪ್‌ರೈಟರಿಗೆ ಹೋತು."

ಅವಳು ಕಣ್ಣೀರು ಇಳಿಯಲು ಬಿಟ್ಟಳು.

"ನೀವೂ ಇನ್ನೊಮ್ಮೆ ಕೇಳಬಹುದಿತ್ತು," ಎಂದಳು ಕೊನೆಗೆ. "ಡ್ರಾಯಿಂಗ್ ತಪ್ಪು ಅಂತ ಗೊತ್ತಿತ್ತಲ್ಲ ನಿಮಗೆ? ಇನ್ನೊಂದು ಸಲ ಯಾಕೆ ಹೇಳಲಿಲ್ಲ?"

"ಸಂಶಯ ಇತ್ತು. ಗೊತ್ತಿದ್ದಿಲ್ಲ." ಅವನು ಸ್ಪ್ಯಾನರನ್ನು ಪಕ್ಕಕ್ಕೆ ಸರಿಸಿದ. "ಮತ್ತ... ಅವತ್ತು ಸಿಟ್ಟು ಬಂದಿತ್ರಿ ನಂಗ. ಆ ಕಾಗದದ ಸುದ್ದಿ ನಿಮಗ್ಯಾಕ ಹೇಳಿದ್ನಿ? ಬ್ಯಾಡ ಅಂತೀರೇನಂತ ನೋಡಿದ್ನಿ. ಒಳ್ಳೇದು ಅಂದ್ರಿ."

ವನಮಾಲಾ ಮುಂದಕ್ಕೆ ಸರಿದು ಕೂತಳು.

"ನನಗೆ ಅವತ್ತು ತಲೆಯೇ ಓಡಲಿಲ್ಲ," ಎಂದಳು. "ನೀವು ಎಡ ಬಲ ಕೇಳ್ತಿದ್ರಿ. ನನಗೆ ಆ ಹುಡುಗಿ ಹೇಗಿದ್ದಾಳೋ ಅನ್ನೋದೊಂದೇ ಯೋಚನೆ. ಎಂಟು ವರ್ಷದಿಂದ ಡ್ರಾಯಿಂಗ್ ಮಾಡ್ತಿದೀನಿ ಗದಿಗೆಪ್ಪ, ಇಂಥ ತಪ್ಪು ಮಾಡಿದೋಳಲ್ಲ... ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಈಗ ಹೇಳ್ತಿದೀನಿ. ಹೋಗಬೇಡಿ."

ಹೊರಗೆ ಟೆಂಪೋ ಒಂದು ಹಾರ್ನ್ ಹೊಡೆಯುತ್ತ ಹೋಯಿತು.

"ಅವ್ವಗ ಮೊನ್ನೆನ ಬರದ ಹಾಕೀನಿ," ಎಂದ ಅವನು ಮೆಲ್ಲಗೆ. "ನೋಡಾಕ ಬರಾಂಗಿಲ್ಲಂತ. ನೀವು ಕಂಪ್ಲೇಂಟ್ ಕೊಟ್ಟ ಮ್ಯಾಲೂ ಮನಸು ಆ ಕಡೆ ಹೋಗಲಿಲ್ಲ, ಏನ್ ಮಾಡೂದು?"

"ಮತ್ತೆ ಈ ಪೈಪೆಲ್ಲ?"

"ಕೆಲಸ ಇಲ್ಲಲ್ರಿ. ಗಾಲಾ ಬಿಡಬೇಕು."

ಕಮಿಟಿಯ ಮುಂದೆ ಓದಲು ಬರೆದ ತಪ್ಪೊಪ್ಪಿಗೆ, ಕೈಬರಹದ ಒಂದು ಹಾಳೆ, ಅವಳು ಚೀಲದಿಂದ ತೆಗೆದು ಕೊಟ್ಟಳು. ಅವನು ಓದಿದ. ಮುಖ ಗಂಭೀರವಾಯಿತು.

"ಇದನ್ನ ನಾಳೆ ಓದಬ್ಯಾಡ್ರಿ. ಆಂಟೆನಾ ಪಾಸಾಗಲಿ ಮೊದಲ. ನಿಮ್ಮ ನೌಕರಿಗೆ ಕುತ್ತು ಬರ್ತದ."

"ಬರಲಿ. ನಾನು ಓದುವಾಗ ನೀವು ಅಲ್ಲಿ ಇರಬೇಕು, ಅಷ್ಟೇ."

"ಪಟ್ಟಿಯಾಗ ಹೆಸರಿಲ್ಲದಾಂವನ್ನ ಗೇಟಿನ್ಯಾಗ ಯಾರ ಬಿಡ್ತಾರ?"

"ನನ್ನ ಗೆಸ್ಟ್ ಅಂತ ಪಾಸ್ ಮಾಡಿಸ್ತೀನಿ."

"ಪಾಸಿನ್ಯಾಗ ಸಂಬಂಧ ಅಂತ ಒಂದು ಕಾಲಮ್ ಇರ್ತದ್ರಿ." ಅವನ ತುಟಿಯಂಚು ಅಲುಗಿತು. "ಏನ್ ಬರಸ್ತೀರಿ?"

ವನಮಾಲಾ ಕಣ್ಣೊರೆಸಿಕೊಂಡಳು.

"ಮದುವೆ ಆಗೋ ಗಂಡು ಅಂತ."

ಗದಿಗೆಪ್ಪನ ಮುಖದಲ್ಲಿ ನೆತ್ತರು ತುಂಬಿತು. ಅವನು ಸ್ಪ್ಯಾನರ್ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ವಾಚ್‌ಮನ್ ನಗ್ತಾನ್ರಿ, ವನಮಾಲಾ."

"ನಗಲಿ."

ಮರುದಿನ, ಮೇ ಇಪ್ಪತ್ತೇಳು, ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿ ಸೇರಿತು. ವನಮಾಲಾ ಮೊದಲು ತಪ್ಪೊಪ್ಪಿಗೆಯ ಪತ್ರ ಓದಿದಳು, ಆಮೇಲೆ ಚಾರ್ಟ್ ತೋರಿಸಿದಳು. ಗದಿಗೆಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ಆಂಟೆನಾ ಪಾಸಾಯಿತು, ಅವಳ ಸರ್ವಿಸ್ ಫೈಲಿಗೆ ಒಂದು ಲಿಖಿತ ಎಚ್ಚರಿಕೆ ಸೇರಿತು, ಹದಿನಾಲ್ಕನೇ ಗಾಲಾದ ಹೆಸರು ಜೂನ್ ಒಂದರಂದು ಪಟ್ಟಿಗೆ ಮರಳಿತು.